ಮಿಲ್ಲಿನಲ್ಲಿ ಮತ್ತೆ ಮತ್ತೆ ಮೂರೂಮುಕ್ಕಾಲು

ಕುದಿಸಿದ ಭತ್ತದ ವಾಸನೆಗೆ ಗಂಗಾವತಿಯವರ ಮೂಗು ಒಗ್ಗಿಹೋಗಿರುತ್ತದೆ. ಹೊರಗಿನಿಂದ ಬಂದವರು ಕರವಸ್ತ್ರ ಹಿಡಿದಾಗಲೇ ನಮಗೆ ಅದರ ನೆನಪಾಗುವುದು. ಮೊನ್ನೆ ಹಾಗಾಗಲಿಲ್ಲ. ಕಾಲೇಜಿನ ಹುಡುಗಿಯರನ್ನು ಸಾಣಾಪುರದ ಕೆರೆ ತೋರಿಸಲು ಕರೆದುಕೊಂಡು ಹೊರಟಿದ್ದೆವು. ಊರು ದಾಟುವ ಮೊದಲೇ ಬಸ್ಸು ಭತ್ತದ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಕಿಟಕಿಯಿಂದ ಆ ಬಿಸಿ ಬಿಸಿ ಹುಳಿ ವಾಸನೆ ನುಗ್ಗಿತು. ಅದೇ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಒಂದೇ ಮೊಬೈಲಿಗೆ ತಲೆ ಸೇರಿಸಿ ಕುಳಿತಿದ್ದ ಐದಾರು ಹುಡುಗಿಯರು ಒಮ್ಮೆಲೇ ಕಿರುಚಿದರು.

"ಏನಾತು?" ಎಂದು ಗದರಿದೆ.

"ಸಿನಿಮಾರಿ ಮೇಡಂ. ಇದರಾಗ ಆ ಹುಡುಗಿ ದಿನಾ ಸಾಯ್ತಾಳ್ರಿ, ಮತ್ತ ಅದ ದಿನ ಮುಂಜಾನಿ ಏಳ್ತಾಳ್ರಿ. ಭಾಳ ಹೆದರಿಕಿ ಬರ್ತೈತಿ. ನೀವು ಇಂಥಾ ಸಿನಿಮಾ ನೋಡೀರೇನ್ರಿ?"

"ನೋಡಿಲ್ಲ. ಮಾಡೀನಿ," ಎಂದೆ.

ಮೇಡಂ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕರು. ಕನ್ನಡ ಮೇಡಂಗೂ ಭೂತದ ಸಿನಿಮಾಕ್ಕೂ ಎಲ್ಲಿಯ ಸಂಬಂಧ! ನಾನೂ ವಿವರಿಸಲಿಲ್ಲ. ಆ ಸಿನಿಮಾ ಯಾವ ಪರದೆಗೂ ಬರಲಿಲ್ಲ, ಯಾವ ಮೊಬೈಲಿಗೂ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದನ್ನು ಇದುವರೆಗೆ ಯಾರಿಗೂ ನೆಟ್ಟಗೆ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದಿನ ಆಷಾಢ. ಕಾಲುವೆಗೆ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆದು, "ರಾಯಚೂರಿಂದ ಒಬ್ಬ ಹುಡುಗಿ ಬಂದಾಳ, ಸಿನಿಮಾ ತಗೀತಾಳಂತ, ನಮ್ಮ ಕಡೆ ಮಾತು ತಿದ್ದಿಕೊಡೋರು ಬೇಕಂತ. ನೀವು ಹೋಗ್ರಿ," ಎಂದರು. ಹುಡುಗಿ ಅಂದರೆ ಮೂವತ್ತು ದಾಟಿದ ನಿರ್ದೇಶಕಿ, ಹೆಸರು ಸ್ಫೂರ್ತಿ. ಯಾರಿಂದಲೋ ಬರೆಸಿಕೊಂಡು ಬಂದಿದ್ದ ಮಾತುಗಳನ್ನು ನನ್ನ ಮುಂದಿಟ್ಟಳು. ಮಂಡ್ಯದ ಮುಂಡಕ್ಕೆ ಧಾರವಾಡದ ತಲೆ ಅಂಟಿಸಿದ ಕನ್ನಡ. ಒಬ್ಬನೇ ಮನುಷ್ಯ ಒಂದೇ ಉಸಿರಿನಲ್ಲಿ "ಏನ್ಲಾ" ಅಂತಾನೆ, "ಐತಿ" ಅಂತಾನೆ. ಕೆಂಪು ಪೆನ್ನು ಹಿಡಿದೆ. ಇಪ್ಪತ್ತು ವರ್ಷ ಒಂದೇ ಪಾಠದ ಒಂದೇ ನೋಟ್ಸನ್ನು ಒದರಿ, ಒಂದೇ ಜಾಗದಲ್ಲಿ ಒಂದೇ ಜೋಕು ಹೇಳಿ ಬೇಸತ್ತಿದ್ದ ನನಗೆ ಅದು ಖುಷಿಯ ಕೆಲಸವೇ ಆಗಿತ್ತು. ಕತೆ ಏನೆಂದು ಕೇಳುವ ತನಕ.

"ಇದು ಟೈಮ್ ಲೂಪ್ ಹಾರರ್ ಅಂತಾರಲ್ರಿ ಮೇಡಂ, ಅದು," ಎಂದಳು ಸ್ಫೂರ್ತಿ. "ಒಂದು ಹಳೇ ರೈಸ್ ಮಿಲ್ಲು. ಮಧ್ಯಾಹ್ನ ಮೂರೂಮುಕ್ಕಾಲಕ್ಕ ಬಾಯ್ಲರ್ ಸಿಡೀತೈತಿ. ಭತ್ತ ಒಣಗಿಸೋ ಹೆಣ್ಮಕ್ಕಳೆಲ್ಲಾ ಸಾಯ್ತಾರ. ಹೀರೋ ಒಬ್ಬನ ಓಡಿಹೋಗಿ ಉಳೀತಾನ. ಕಣ್ಣು ತೆರದ್ರ ಮತ್ತ ಅದ ಮುಂಜಾನಿ. ಮತ್ತ ಮೂರೂಮುಕ್ಕಾಲು. ಆ ಹೆಣ್ಮಕ್ಕಳು ಸುಟ್ಟ ಮೈಯಾಗ ಭತ್ತ ತುಳಕೋತ ಅವನ ಕನಸಿನ್ಯಾಗ ಬರ್ತಾರ. ಅವರನ್ನ ಉಳಿಸೋತನಕ ಅವಗ ಮರುದಿನ ಇಲ್ಲ."

"ಬಾಯ್ಲರ್ ಯಾಕ ಸಿಡೀತೈತಿ?" ಎಂದು ಕೇಳಿದೆ.

"ಮಲ್ಲಪ್ಪ ಅಂತ ಒಬ್ಬ ಬಾಯ್ಲರ್ ನೋಡಿಕೊಳ್ಳೋನು ಮಕ್ಕೊಂಡುಬಿಟ್ಟಿರ್ತಾನ್ರಿ. ಇದು ನಿಜವಾಗೂ ನಡೆದದ್ದು, ಇಲ್ಲೇ, ಇದ ಮಿಲ್ಲಿನ್ಯಾಗ. ನಿಜದಾಗ ಹೆಣ್ಮಕ್ಕಳು ಉಳದ್ರು. ಉಳಿಸಿದವರು ಇನ್ನೂ ಅದಾರ. ಖಾಜಾ ಸಾಬ್ ಅಂತ. ನನ್ನ ಹೀರೋ ಅಂದ್ರ ಅವರ."

ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಆ ಮಲ್ಲಪ್ಪನ ನಿಜವಾದ ಹೆಸರು ಹನುಮಂತಪ್ಪ. ನನ್ನ ಅಪ್ಪ. ಪಾಪದ ಹುಡುಗಿಗೆ ಅದು ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಬರುವುದಿಲ್ಲ ಎಂದು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಇಪ್ಪತ್ತೆಂಟು ವರ್ಷದಿಂದ ನಾನು ಆ ಮಿಲ್ಲಿನ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿ ಓಡಾಡಿದವಳು. ಒಳಗೆ ಏನಿದೆ ಎಂದು ಒಮ್ಮೆ ನೋಡಿಯೇ ಬಿಡಬೇಕು ಎನ್ನುವ ಹಟ ಬಂತು.

ಅವತ್ತಿನ ಕತೆ ಇಷ್ಟು. ನಾನಾಗ ಹದಿನೆಂಟರವಳು. ಗಂಗಾವತಿಯಲ್ಲಿ ಬಿ.ಎ. ಸೀಟು ಮುಗಿದಿತ್ತು, ಕೊಪ್ಪಳದಲ್ಲಿ ಅಂದು ಕಡೆಯ ದಿನ. ಅಪ್ಪ ರಾತ್ರಿ ಪಾಳಿ ಮುಗಿಸಿ ಮುಂಜಾನೆ ಮನೆಗೆ ಬಂದವನು ಮೈ ಕೂಡ ನೆಲಕ್ಕೆ ಹಚ್ಚಲಿಲ್ಲ. ನನ್ನನ್ನು ಬಸ್ಸು ಹತ್ತಿಸಿಕೊಂಡು ಕೊಪ್ಪಳಕ್ಕೆ ಹೋದ, ಸಾಲಿನಲ್ಲಿ ನಿಂತ, ಅರ್ಜಿಗೆ ಸಹಿ ಮಾಡಿದ. ಮರಳಿ ಬಂದಾಗ ಎರಡು ಗಂಟೆ. ಅಂದು ಮೊಹರಂನ ಕಡೆಯ ದಿನ, ಅಲಾಯಿ ದೇವರು ಹೊಳೆಗೆ ಹೋಗುವ ದಿನ. ಮಿಲ್ಲಿನಲ್ಲಿ ಅರ್ಧ ಮಂದಿ ರಜೆ. ಬೇರೆಯವರ ಪಾಳಿಗೆ ನಿಲ್ಲುತ್ತೇನೆಂದು ಅಪ್ಪ ಒಪ್ಪಿಕೊಂಡಿದ್ದ. ಮುಖ ತೊಳೆದು, ಎರಡು ರೊಟ್ಟಿ ತಿಂದು, "ಸೀಟು ಸಿಕ್ತಲ್ಲ, ನಿದ್ದಿ ನಾಳೆ ಮಾಡಿದ್ರಾತು," ಎಂದು ನಗುತ್ತ ಹೋದ. ಮೂರೂಮುಕ್ಕಾಲಕ್ಕೆ ಸದ್ದು ಕೇಳಿಸಿತು. ನಮ್ಮ ಮನೆಯ ಗೋಡೆಯ ಗೂಡಿನಲ್ಲಿದ್ದ ಗಾಜಿನ ಲೋಟ ಬಿದ್ದು ಒಡೆಯಿತು.

ಸತ್ತವನು ಅಪ್ಪ ಒಬ್ಬನೇ. ಜೊತೆಗಿದ್ದ ಖಾಜಾ ಸಾಬ್, 'ಹನುಮಂತಪ್ಪ ಬಾಯ್ಲರ್ ಮುಂದೆ ನಿದ್ದೆ ಹೋಗಿದ್ದ, ಒತ್ತಡ ತೋರಿಸುವ ಮುಳ್ಳು ಏರಿದ್ದು ನೋಡಿ ನಾನೇ ಓಡಿ ಹೋಗಿ ಹೆಣ್ಣುಮಕ್ಕಳನ್ನೆಲ್ಲ ಭತ್ತ ಒಣಗಿಸುವ ಕಣದಿಂದ ಹೊರಗೆ ಹಾಕಿದೆ' ಎಂದು ತನಿಖೆಗೆ ಬಂದ ಸಾಹೇಬರ ಮುಂದೆ ಹೇಳಿದ. ಹಾಗೆಯೇ ಬರೆದುಕೊಂಡರು. ಆಮೇಲೆ ಎಷ್ಟೋ ವರ್ಷ ಮಿಲ್ಲುಗಳಲ್ಲಿ ಯಾರಾದರೂ ತೂಕಡಿಸಿದರೆ "ಏ, ಹನುಮಂತಪ್ಪ ಆಗಬ್ಯಾಡೋ" ಅನ್ನುತ್ತಿದ್ದರು. ಒಮ್ಮೆ ನನ್ನ ಕ್ಲಾಸಿನಲ್ಲೇ ಒಬ್ಬ ಹುಡುಗ ಪಕ್ಕದವನಿಗೆ ಅಂದದ್ದು ಕೇಳಿಸಿಕೊಂಡು, ಪುಸ್ತಕ ಮುಚ್ಚಿ ಹೊರಗೆ ಬಂದಿದ್ದೆ.

ಹನುಮಸಾಗರದಿಂದ ಬಂದ ನನ್ನ ಸೋದರಮಾವ, "ಭಾವ ಮಕ್ಕೊಳ್ಳೋ ಮನಷಾ ಅಲ್ಲ, ಅರ್ಜಿ ಬರೆಯೂಣು," ಎಂದು ಹಾರಾಡಿದ್ದ. ಅವ್ವನೇ ತಡೆದಳು. "ಬ್ಯಾಡ. ಮಕ್ಕೊಂಡಿದ್ರು. ಅಷ್ಟ ನಿಜ," ಎಂದು ಹಟ ಹಿಡಿದಳು. ಅದು ನನಗೆ ಹೇಳಿದ್ದು ಎಂದುಕೊಂಡೆ ನಾನು. ನಿನ್ನ ಸೀಟಿಗಾಗಿ ನಿದ್ದೆಗೆಟ್ಟ, ಅದಕ್ಕೇ ಸತ್ತ. ಅವ್ವ ಆ ಮಾತು ಒಂದು ದಿನವೂ ಆಡಲಿಲ್ಲ. ನಾನೇ ದಿನವೂ ಆಡಿಕೊಂಡೆ. ಮೊದಲ ದರ್ಜೆ ಬಂದ ದಿನ, ನೌಕರಿ ಆದೇಶ ಬಂದ ದಿನ, ಮೊದಲ ಸಂಬಳದಲ್ಲಿ ಅವ್ವನಿಗೆ ಇಳಕಲ್ ಸೀರೆ ತಂದ ದಿನ, ಅಪ್ಪನ ನಿದ್ದೆ ಕದ್ದು ತಂದ ಹಾಗೆ ಅನ್ನಿಸುತ್ತಿತ್ತು.

ಶೂಟಿಂಗಿನ ಮೊದಲ ದಿನ ಮಿಲ್ಲಿನ ಬಾಗಿಲು ದಾಟಿದವಳೇ ಬೆಚ್ಚಿಬಿದ್ದೆ. ಬಾಯ್ಲರ್ ಮುಂದೆ ಹಗ್ಗದ ಮಂಚ, ಮಂಚದ ಮೇಲೆ ಖಾಕಿ ಅಂಗಿಯ ಒಬ್ಬ ಮನುಷ್ಯ, ಕಣ್ಣಿನ ಮೇಲೆ ಮೊಣಕೈ. ಕುಷ್ಟಗಿಯ ನಾಟಕದ ನಟ ಅವನು, ಪಾತ್ರಕ್ಕೆ ಮಲಗಿದ್ದ. ಅವನು ಎದ್ದು, "ನಮಸ್ಕಾರ್ರಿ ಮೇಡಂ, ಛಾ ಆತೇನ್ರಿ?" ಅಂದಾಗ ಇನ್ನೂ ಬೆದರಿದೆ.

ಖಾಜಾ ಸಾಬ್ ಅಲ್ಲೇ ಇದ್ದ. ಅರವತ್ತರ ಹತ್ತಿರ, ಬಿಳಿ ಗಡ್ಡ, ತಲೆಗೆ ಟೊಪ್ಪಿಗೆ. ಹಳೆಯ ಬಾಯ್ಲರಿನ ಕೆಲಸ ಹೇಗಿರುತ್ತಿತ್ತು ಎಂದು ತೋರಿಸಿಕೊಡಲು ಅವನನ್ನು ಕರೆಸಿದ್ದರು. ಅಪ್ಪ ಇದ್ದಾಗ ವಾರಕ್ಕೆರಡು ಸಲ ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದವನು; ನಾನವನಿಗೆ ಕಾಕಾ ಅನ್ನುತ್ತಿದ್ದೆ. ಅಪ್ಪ ಸತ್ತ ಮೇಲೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ನನ್ನ ಗುರುತು ಸಿಕ್ಕಿತು. ಬಾಯಿ ತೆರೆದ, ಮುಚ್ಚಿದ, ನೀರಿನ ಕೊಡ ಎತ್ತಿಕೊಂಡು ಆ ಕಡೆ ಹೋಗಿಬಿಟ್ಟ. ನನ್ನ ಅಪ್ಪನನ್ನು ದೂರಿದ್ದಕ್ಕೆ ನಾಚಿಕೆಯಿರಬೇಕು ಎಂದುಕೊಂಡೆ.

ಅವನಿಗೆ ಅಲ್ಲಿ ಸಿಗುತ್ತಿದ್ದ ಮರ್ಯಾದೆ ನೋಡಬೇಕಿತ್ತು! ಭತ್ತ ತುಳಿಯುವ ದೃಶ್ಯಕ್ಕೆ ಮಿಲ್ಲುಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನೇ ಕರೆಸಿದ್ದರು. ಅವರಲ್ಲಿ ಹುಲಿಗೆಮ್ಮ ಮತ್ತು ಇನ್ನಿಬ್ಬರು ಅವತ್ತು ನಿಜವಾಗಿಯೂ ಕಣದಲ್ಲಿದ್ದವರು. ಊಟದ ಹೊತ್ತಿಗೆ ಮೊದಲ ರೊಟ್ಟಿ ಖಾಜಣ್ಣನಿಗೆ. ನೆರಳಿರುವ ಜಾಗ ಖಾಜಣ್ಣನಿಗೆ. ಹೀರೋ ಪಾತ್ರದ ಪ್ರಮೋದ ಎನ್ನುವ ಹುಬ್ಬಳ್ಳಿ ಹುಡುಗ ದಿನಾ ಬೆಳಿಗ್ಗೆ ಅವನ ಕಾಲು ಮುಟ್ಟಿ ಕೆಲಸ ಶುರು ಮಾಡುತ್ತಿದ್ದ. ಖಾಜಾ ಸಾಬ್ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದ. ಎಂಥ ವಿನಯ ಎಂದು ಎಲ್ಲರೂ ಹೊಗಳಿದರು.

ಒಂದೇ ದಿನದ ಸಿನಿಮಾ ತೆಗೆಯುವುದು ಎಂಥ ತಲೆನೋವು ಎಂದು ಆಗ ಗೊತ್ತಾಯಿತು. ದಿನ ಒಂದೇ ಅಂದಮೇಲೆ ಆಕಾಶವೂ ಒಂದೇ ಇರಬೇಕಲ್ಲ. ಆಷಾಢದ ಗಾಳಿಗೆ ಮೋಡ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಹನಿ ಬಿದ್ದರೆ ತಾಡಪತ್ರಿ ಹೊದಿಸಿ ಎಲ್ಲರೂ ಗೋದಾಮಿಗೆ ಓಡುವುದು, ಬಿಸಿಲು ಬಂದರೆ ಮತ್ತೆ ಬಿಚ್ಚುವುದು. ಮೂರರಿಂದ ನಾಲ್ಕರ ತನಕ ಹದವಾದ ಬಿಸಿಲು ಸಿಕ್ಕರೆ ಅದೇ ಪುಣ್ಯ. ಮಾತು ತಿದ್ದುವುದರ ಜೊತೆಗೆ, ಎಲ್ಲವೂ ನಿನ್ನೆಯಂತೆಯೇ ಇದೆಯೇ ಎಂದು ನೋಡಿ ಬರೆದಿಡುವ ಕೆಲಸವೂ ನನ್ನ ಕೊರಳಿಗೆ ಬಿತ್ತು. ಮಲ್ಲಪ್ಪನ ಮೊಣಕೈ ಬಲಗಣ್ಣಿನ ಮೇಲೆ. ಎಡಗಾಲ ಚಪ್ಪಲಿ ಮಂಚದ ಕೆಳಗೆ. ಅಪ್ಪ ಮಲಗಿದ್ದನ್ನು ಅಳೆದು ಅಳೆದು ಬರೆಯುವ ಭಾಗ್ಯ ನನ್ನದು!

ಹೆಣ್ಣುಮಕ್ಕಳಿಗೆ ಮಾತ್ರ ಇದೇನೂ ಕಷ್ಟವಾಗಲಿಲ್ಲ. ಕಾಲಿನಿಂದ ಭತ್ತ ಸೀಳುತ್ತ ಸಾಲಾಗಿ ಹೋಗುವುದು, ತಿರುಗಿ ಬರುವುದು. ಹತ್ತು ಟೇಕ್ ಆದರೂ ಹೆಜ್ಜೆ ಗೆರೆ ಬಿಟ್ಟು ಕದಲುತ್ತಿರಲಿಲ್ಲ. ಸ್ಫೂರ್ತಿ ಬೆರಗಾಗಿ ಹೊಗಳಿದಾಗ ಹುಲಿಗೆಮ್ಮ, "ಮೂವತ್ತು ವರ್ಷದಿಂದ ಇದ ಮಾಡೀವಿ ಬಿಡ್ರಿ. ನಮಗ್ಯಾರೂ ಸಿನಿಮಾ ಅಂತ ಹೇಳಿದ್ದಿಲ್ಲ," ಎಂದಳು.

ಸ್ಫೂರ್ತಿಗೆ ಒಂದೇ ಚಿಂತೆ. ಕತೆಯ ಕೊನೆ ಅವಳಿಗೆ ಸಿಕ್ಕಿರಲಿಲ್ಲ. ಒಂದು ಮಧ್ಯಾಹ್ನ ಮೋಡ ಸರಿಯಲೆಂದು ಕಾಯುತ್ತ, ಗೋದಾಮಿನಲ್ಲಿ ಚಹಾ ಕುಡಿಯುತ್ತ ಕುಳಿತಾಗ ಬೆರಳು ಮಡಚಿ ಹೇಳಿದಳು: "ಮೊದಲನೇ ಸಲ ಹೀರೋ ತಾನು ಓಡಿ ಹೋಗ್ತಾನ. ಆಮ್ಯಾಲ ಎಲ್ಲಾರಿಗೂ ಹೇಳ್ತಾನ, ಯಾರೂ ನಂಬೂದಿಲ್ಲ. ಆಮ್ಯಾಲ ಹೆಂಗೂ ನಾಳೆ ಇಲ್ಲಲ್ಲ ಅಂತ ಮಜಾ ಮಾಡ್ತಾನ. ಆಮ್ಯಾಲ ಸಿಟ್ಟಿಗೆದ್ದು ಮಲ್ಲಪ್ಪನ್ನ ಹೊಡೀತಾನ. ಕಡೀಗೆ ಎಲ್ಲಾರನ್ನೂ ಉಳಿಸ್ತಾನ. ಆದ್ರೂ ನನಗ ಸಮಾಧಾನ ಆಗವಲ್ದು ಮೇಡಂ. ಅಂವ ಬೆಳದಾನ ಅಂತ ಅನ್ನಸವಲ್ದು."

ಮೇಷ್ಟರಾದವರಿಗೆ ಇಂಥ ಜಾಗ ಸಿಕ್ಕರೆ ಬಾಯಿ ಸುಮ್ಮನಿರುತ್ತದೆಯೇ? "ಎಲ್ಲಿ ಬೆಳದಾನ?" ಎಂದೆ. "ಅದ ಪ್ರಶ್ನೆಪತ್ರಿಕಿ ದಿನಾ ಕೊಟ್ರ ಎಂಥಾ ದಡ್ಡನೂ ಪಾಸಾಗ್ತಾನ. ಯಾವಾಗ ಏನಾಗ್ತೈತಿ ಅಂತ ಗೊತ್ತಿದ್ದವಗ ನಲವತ್ತು ಮಂದಿ ಉಳಿಸೋದು ಬಾಯಿಪಾಠ ಅಷ್ಟ. ಅಂವ ಚುರುಕ ಆಗ್ಯಾನ, ಛಲೋ ಆಗಿಲ್ಲ."

"ಹಂಗಾರ ಛಲೋ ಯಾವಾಗ ಆಗ್ತಾನ್ರಿ?"

"ಅವನ ಹೊಟ್ಟ್ಯಾಗ ಯಾರಿಗೂ ಹೇಳದ ಒಂದು ಮಾತು ಇರಬೇಕು. ಹೇಳಿದ್ರ ತನಗ ಕೇಡು, ಅಂಥಾದ್ದು. ಅದನ್ನ ಹೇಳೋತನಕ ಅವಗ ಮರುದಿನ ಕೊಡಬ್ಯಾಡ ನೋಡು."

ಸ್ಫೂರ್ತಿ ಎದ್ದು ಬಂದು ನನ್ನ ಕೈ ಕುಲುಕಿದಳು. ನಾನು ಉಬ್ಬಿದೆ. ಬಾಗಿಲ ಬಳಿ ಕುಳಿತಿದ್ದ ಖಾಜಾ ಸಾಬ್ ಅರ್ಧ ಚಹಾ ಹಾಗೇ ಬಿಟ್ಟು ಹೊರಗೆ ಹೋದ. ಹನಿಯುತ್ತಿದ್ದ ಮಳೆಯಲ್ಲೇ ಕಣದ ನಡುವೆ ನಿಂತ. ಮುದುಕನಿಗೆ ಥಂಡಿ ಆದೀತು ಎಂದು ಹುಲಿಗೆಮ್ಮ ಗೋಣಿಚೀಲದ ಕೊಪ್ಪೆ ತೆಗೆದುಕೊಂಡು ಹಿಂದೆಯೇ ಓಡಿದಳು.

ಮರುದಿನ, ನಾಗರಪಂಚಮಿಗೆ ಇನ್ನೆರಡು ದಿನ ಇರುವಾಗ, ಮಲ್ಲಪ್ಪನನ್ನು ಹೊಡೆಯುವ ದೃಶ್ಯ ಇತ್ತು. ಬೇಡ, ಇವತ್ತು ಹೋಗುವುದಿಲ್ಲ ಎಂದು ಬೆಳಿಗ್ಗೆಯೇ ಅನ್ನಿಸಿತ್ತು. ಆದರೂ ಹೋದೆ. ಪ್ರಮೋದ ಓಡಿ ಬರುವುದು, ಮಲಗಿದವನ ಅಂಗಿ ಹಿಡಿದು ಎಬ್ಬಿಸಿ ಕೆನ್ನೆಗೆ ಬಾರಿಸುವುದು, "ಏಳೋ ಹಡಬಿಟ್ಟಿ! ನೀ ಮಕ್ಕೊಂಡಿದ್ದಕ್ಕ ನಲವತ್ತು ಹೆಣ ಬಿದ್ದಾವ!" ಎಂದು ಅರಚುವುದು. ಆ ಮಾತು ತಿದ್ದಿಕೊಟ್ಟವಳು ನಾನೇ. ಮೊದಲ ಟೇಕ್‌ನಲ್ಲಿ ಚಪ್ಪಲಿ ತಪ್ಪಿತು. ನಾಲ್ಕನೆಯದರಲ್ಲಿ ಮೋಡ ಬಂತು. ಆರು, ಏಳು. ಪ್ರತಿ ಸಲ ಅಪ್ಪನಿಗೆ ಬೀಳುವ ಏಟು ನನ್ನ ಕೆನ್ನೆಯಲ್ಲಿ ಉರಿಯಿತು. ಎಂಟನೆಯದಕ್ಕೆ ಸ್ಫೂರ್ತಿ, "ಪ್ರಮೋದ, ಇನ್ನೂ ಸಿಟ್ಟು ಬೇಕು," ಎಂದಳು.

ಒಂಬತ್ತನೆಯ ಸಲ ಅವನ ಕೈ ಮೇಲೆ ಏಳುವಷ್ಟರಲ್ಲಿ ಖಾಜಾ ಸಾಬ್ ನಡುವೆ ನುಗ್ಗಿದ. ಪ್ರಮೋದನನ್ನು ನೂಕಿದ ರಭಸಕ್ಕೆ ಆ ಹುಡುಗ ಹೊಟ್ಟಿನ ಗುಡ್ಡೆಯ ಮೇಲೆ ಬಿದ್ದ. ಮುದುಕ ಮಂಚದ ಮುಂದೆ ಕುಸಿದು ಕುಳಿತು, ಮಲಗಿದ್ದ ನಟನ ಎರಡೂ ಕಾಲು ತಬ್ಬಿಕೊಂಡ.

"ಹೊಡೀಬ್ಯಾಡ್ರೋ! ಇಂವ ಮಕ್ಕೊಂಡಿದ್ದಿಲ್ಲ! ಅಲ್ಲಾನ ಆಣಿ, ಹನುಮಣ್ಣ ಮಕ್ಕೊಂಡಿದ್ದಿಲ್ಲ!"

ಯಾರಿಗೂ ಏನೂ ಅರ್ಥವಾಗಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ನಟ ಪಾಪ ಎದ್ದು ಕೂರಲೂ ಹೆದರಿ ಹಾಗೇ ಮಲಗಿದ್ದ. ಕಣದಲ್ಲಿದ್ದ ಹೆಣ್ಣುಮಕ್ಕಳು ಭತ್ತ ಬಿಟ್ಟು ಬಂದು ಬಾಗಿಲಲ್ಲಿ ಗುಂಪಾದರು. ಖಾಜಾ ಸಾಬ್ ನೆಲ ನೋಡುತ್ತ ಹೇಳಿದ. ತಡೆದು ತಡೆದು, ಆದರೆ ಯಾವುದನ್ನೂ ಬಿಡದೆ ಹೇಳಿದ.

ಅವತ್ತು ಎಲ್ಲರಿಗೂ ಅವಸರ. ಅಲಾಯಿ ದೇವರು ಹೊಳೆಗೆ ಹೊರಡುವುದರೊಳಗೆ ಮನೆ ಸೇರಬೇಕು. ಬಾಯ್ಲರಿನ ತಲೆಯ ಮೇಲೆ, ಒತ್ತಡ ಹೆಚ್ಚಾದರೆ ತಾನೇ ತೆರೆದು ಹಬೆ ಹೊರಬಿಡುವ ವಾಲ್ವು ಇರುತ್ತದೆ. ಅದು ಪದೇಪದೇ ತೆರೆದು ಸಿಳ್ಳೆ ಹಾಕುತ್ತಿತ್ತು. ಹಬೆ ಹೋದರೆ ಭತ್ತ ಬೇಯುವುದು ತಡ. ಹಬ್ಬದ ದಿನ, ಮಳೆ ಬರುವ ದಿನ, ಬೇಗ ಮುಗಿಸಬೇಕೆಂದರೆ ಹಳೆಯ ಮಿಲ್ಲುಗಳಲ್ಲಿ ಕೆಲವರು ಒಂದು ಕೆಲಸ ಮಾಡುತ್ತಿದ್ದರಂತೆ: ವಾಲ್ವಿನ ಸನ್ನೆಗೋಲಿಗೆ ತಕ್ಕಡಿಯ ಐದು ಕೇಜಿ ಕಲ್ಲನ್ನು ತಂತಿಯಿಂದ ಕಟ್ಟಿಬಿಡುವುದು. ಸಿಳ್ಳೆ ನಿಲ್ಲುತ್ತದೆ, ಭತ್ತ ಬೇಗ ಬೇಯುತ್ತದೆ. ಅಪ್ಪ ಅದಕ್ಕೆ ಯಾವತ್ತೂ ಬಿಡುತ್ತಿರಲಿಲ್ಲ.

"ಹನುಮಣ್ಣ ಒಲಿ ಮುಂದ ಹೊಟ್ಟು ಹಾಕಾಕ ಹತ್ತಿದ್ದ. ನಾ ಹಿಂದಿಂದ ಏರಿ ಕಟ್ಟೀನಿ," ಎಂದ ಖಾಜಾ ಸಾಬ್. "ಮುಳ್ಳು ಏರಿದ್ದು ನೋಡಿ ಕೇಳಿದ. ಕಲ್ಲು ಕಟ್ಟೀಯೇನೋ ಖಾಜಾ ಅಂದ. ಇಲ್ಲ ಅಂದೆ. ಬೈತಾನಂತ ಇಲ್ಲ ಅಂದೆ. ಅಂವ ನನ್ನ ಮಾರಿ ನೋಡಿದ, ಗೊತ್ತಾತು. ತಾನ ಏರಿದ. 'ಹೆಣ್ಮಕ್ಕಳನ್ನ ಕರಕೊಂಡು ಓಡು' ಅಂತ ಮ್ಯಾಲಿಂದ ಒದರಿದ. ನಾ ಓಡಿದೆ. ತಂತಿ ಬಿಗಿಯಾಗಿತ್ತು, ನಾನ ಇಕ್ಕಳದಿಂದ ಬಿಗದಿದ್ದೆ. ಅಂವ ಬರೇ ಕೈಲೆ ಬಿಚ್ಚಾಕ ಹತ್ತಿದ್ದ. ನಾ ತಿರುಗಿ ನೋಡಿದಾಗೂ ಬಿಚ್ಚಾಕ ಹತ್ತಿದ್ದ."

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಕೈಯಲ್ಲಿ ಪುಸ್ತಕ ಇತ್ತು. ಆಮೇಲೆ ನೋಡಿಕೊಂಡರೆ, ಅದರಲ್ಲಿ ನನ್ನದೇ ದುಂಡಗಿನ ಅಕ್ಷರಗಳಲ್ಲಿ "ಟೇಕ್ ಒಂಬತ್ತು. ಖಾಜಾ ಸಾಬ್ ನಡುವೆ ಬಂದರು" ಎಂದು ಬರೆದಿತ್ತು. ಯಾವಾಗ ಬರೆದೆನೋ ನನಗೆ ತಿಳಿಯದು.

ಮೊದಲು ಮಾತಾಡಿದವಳು ಹುಲಿಗೆಮ್ಮ. "ಖಾಜಣ್ಣಾ, ಜೀವ ಉಳಿಸಿದ ಅಣ್ಣ ಅಂತ ವರ್ಷಾ ಪಂಚಮಿಗೆ ನಿನಗ ಉಂಡಿ ತಂದು ಕೊಟ್ಟೀವಿ. ಇಪ್ಪತ್ತೆಂಟು ಪಂಚಮಿ. ಯಾರ ಪಾಲಿನ ಉಂಡಿ ತಿಂದ್ಯೋ ನೀನು?"

ಖಾಜಾ ಸಾಬ್ ತಲೆ ಎತ್ತಲಿಲ್ಲ. "ನನ್ನ ಹೇಂತಿ ದಿನ ತುಂಬಿದಾಕಿ ಇದ್ಲು. ಸಾಹೇಬ್ರು ಕೇಳಿದಾಗ ಹೆದರಿ ಅಂದುಬಿಟ್ಟೆ. ನಾಳೆ ಹೇಳಿದ್ರಾತು ಅಂದೆ. ದಿನಾ ನಾಳೆ ಅಂದೆ." ಆಮೇಲೆ ನನ್ನ ಕಡೆ ತಿರುಗಿದ. "ರೇಣವ್ವಾ, ನೀ ನಿನ್ನೆ ಹೇಳಿದ್ದು ನನಗ ಅಂತ ತಿಳದು ಹೇಳಿದ್ಯೋ, ಸುಮ್ಮ ಹೇಳಿದ್ಯೋ?"

ಸ್ಫೂರ್ತಿ ಸರ್ರನೆ ನನ್ನ ಕಡೆ ನೋಡಿದಳು. ಅವಳಿಗೆ ಆಗಲೇ ಗೊತ್ತಾದದ್ದು ನಾನು ಯಾರ ಮಗಳೆಂದು. ಬಾಯಿಗೆ ಕೈ ಇಟ್ಟುಕೊಂಡು ಅಲ್ಲೇ ಕುಳಿತುಬಿಟ್ಟಳು.

ಮುಂದೇನಾಯಿತು ಎಂದು ಕೇಳುವವರಿಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಖಾಜಾ ಸಾಬ್ ತಾನೇ ಹೋಗಿ ಠಾಣೆಯಲ್ಲಿ ಬರೆದುಕೊಟ್ಟ. ಇಷ್ಟು ವರ್ಷದ ಮೇಲೆ ಏನು ಮಾಡುವುದೆಂದು ಅವರಿಗೂ ತಿಳಿಯಲಿಲ್ಲ. ಸ್ಫೂರ್ತಿ ಸಿನಿಮಾ ನಿಲ್ಲಿಸಿದಳು. "ನನ್ನ ಹೀರೋ ನನಗಿಂತ ಮುಂದ ಹೋದ್ರು ಮೇಡಂ, ಇನ್ನ ಏನು ಬರೀಲಿ?" ಎಂದು ಫೋನಿನಲ್ಲಿ ಅತ್ತಳು. ನನಗೆ 'ಹೀರೋ' ಎಂಬ ಮಾತಿಗೆ ಸಿಟ್ಟೇ ಬಂತು. ಸಿನಿಮಾದವನಿಗೆ ಛಲೋ ಆಗಲು ಸಾವಿರ ಸಲ ಅದೇ ಬೆಳಗು ಕೊಡುತ್ತಾರೆ, ಕೊನೆಗೆ ಎಲ್ಲರೂ ಬದುಕುತ್ತಾರೆ. ಖಾಜಾ ಸಾಬ್‌ಗೆ ಸಿಕ್ಕಿದ್ದೂ ಸಾವಿರಾರು ಬೆಳಗೇ, ಆದರೆ ಒಂದೂ ಅದೇ ಬೆಳಗಲ್ಲ. ಪ್ರತಿ ಬೆಳಗಿಗೂ ನನ್ನವ್ವ ಒಂದು ದಿನ ಮುದುಕಿಯಾಗುತ್ತಿದ್ದಳು. ಅವನು ಕೊನೆಗೂ ಹೇಳಿದ, ಅದು ಸಣ್ಣದಲ್ಲ ಎನ್ನುವುದು ನನ್ನ ಬುದ್ಧಿಗೆ ತಿಳಿಯುತ್ತದೆ. ಈಗಲೂ ಸಂತೆಯಲ್ಲಿ ಎದುರಾದರೆ ಅವನು ನಿಲ್ಲುತ್ತಾನೆ. ನಾನು ನಿಲ್ಲುವುದಿಲ್ಲ.

ಆದರೆ ಆ ಸಂಜೆ ನನ್ನಲ್ಲಿ ಅವನ ಮೇಲೆ ಸಿಟ್ಟು ಕೂಡ ಇರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗಾದದ್ದು ಸಂತೋಷ. ಅಪ್ಪ ಮಲಗಿರಲಿಲ್ಲ! ನನ್ನ ಸೀಟಿಗೂ ಅವನ ಸಾವಿಗೂ ಸಂಬಂಧವಿಲ್ಲ! ಆಟೋ ಕೂಡ ಹತ್ತದೆ, ಐವತ್ತರ ಹತ್ತಿರದ ಹೆಂಗಸು ರಸ್ತೆಯಲ್ಲಿ ಅರ್ಧ ಓಡುತ್ತ, ಅರ್ಧ ನಡೆಯುತ್ತ ಮನೆಗೆ ಬಂದೆ. ಎದುರು ಸಿಕ್ಕವರಿಗೆಲ್ಲ ಕೂಗಿ ಹೇಳಬೇಕು ಅನ್ನಿಸುತ್ತಿತ್ತು.

ಅವ್ವ ಪಡಸಾಲೆಯಲ್ಲಿ ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ ಕುಳಿತಿದ್ದಳು. ಚಪ್ಪಲಿ ಬಿಡುವುದಕ್ಕೂ ಮೊದಲೇ ಹೇಳಿದೆ.

"ಅವ್ವಾ, ಅಪ್ಪ ಮಕ್ಕೊಂಡಿದ್ದಿಲ್ಲ!"

ಅವಳ ಕೈ ನಿಂತಿತು. ಪಕ್ಕ ಕುಳಿತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕಲ್ಲು, ತಂತಿ, ಖಾಜಾ ಕಾಕಾ ಎಲ್ಲರ ಮುಂದೆ ಒಪ್ಪಿಕೊಂಡದ್ದು, ಹೆಣ್ಣುಮಕ್ಕಳನ್ನು ಉಳಿಸಿದ್ದು ನಿಜವಾಗಿ ಅಪ್ಪನೇ ಎನ್ನುವುದು. ಹೇಳುತ್ತ ಹೇಳುತ್ತ ನಕ್ಕೆ, ಅತ್ತೆ. ಅವ್ವನೂ ಅಳುತ್ತಾಳೆ, ನನ್ನ ತಲೆ ನೇವರಿಸುತ್ತಾಳೆ, ಇಷ್ಟು ವರ್ಷ ಆಡದ ಮಾತು ಆಡುತ್ತಾಳೆ ಎಂದು ಕಾದೆ.

"ಎಚ್ಚರ ಇದ್ರಾ?" ಎಂದಳು.

"ಹೂಂ ಅವ್ವಾ, ಎಚ್ಚರ ಇದ್ದ!"

"ತಾವ ಮ್ಯಾಲ ಏರಿದ್ರಾ?"

"ತಾನ ಏರಿದ."

"ಬರೇ ಕೈಲೆ ಬಿಚ್ಚಿದ್ರಾ? ಆ ಕಾದ ತಂತಿ?"

ನನ್ನ ನಗು ಅಲ್ಲಿಗೆ ನಿಂತಿತು.

"ಹಂಗಾರ ಅವರಿಗೆ ಗೊತ್ತಾಗೇತಿ," ಎಂದಳು ಅವ್ವ. "ಸಾಯ್ತೀನಿ ಅಂತ ಗೊತ್ತಾಗೇತಿ. ಸುಟ್ಟದ್ದು ಗೊತ್ತಾಗೇತಿ."

"ಅವ್ವಾ..."

"ನಿದ್ದ್ಯಾಗ ಹೋದ್ರು, ಏನೂ ಗೊತ್ತಾಗಲಿಲ್ಲ ಅಂತ ಅದೊಂದನ್ನ ಹಿಡಕೊಂಡು ಬದುಕೀನಿ ರೇಣಿ. ನಿಮ್ಮ ಮಾವ ಅರ್ಜಿ ಬರೀತೀನಿ ಅಂದಾಗೂ ಅದಕ್ಕ ಬ್ಯಾಡ ಅಂದೆ. ಮಕ್ಕೊಂಡಿದ್ರು ಅಂದ್ರ ಅನ್ನಲಿ, ನೋವಾಗಲಿಲ್ಲಲ್ಲ ಅಂದೆ. ಅದೊಂದ ನನಗ ಇತ್ತು."

ಅವ್ವ ಹಿಡಿದಿದ್ದ ಆ ಹಟ ನನ್ನ ಮೇಲಿನದು ಎಂದು ಇಪ್ಪತ್ತೆಂಟು ವರ್ಷ ತಿಳಿದಿದ್ದೆ. ಅದರಲ್ಲಿ ನಾನು ಇರಲೇ ಇಲ್ಲ. ನನ್ನ ಪಾಪ ಕಳೆಯಿತೆಂದು ಕುಣಿಯುತ್ತ ಬಂದು, ಅವಳ ಕೈಯಲ್ಲಿದ್ದ ಒಂದೇ ಒಂದು ಸಮಾಧಾನವನ್ನು ನಾನೇ ಕಿತ್ತುಕೊಂಡಿದ್ದೆ.

ಅವ್ವ ಶೇಂಗಾದ ಮೊರ ಪಕ್ಕಕ್ಕೆ ಸರಿಸಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಅವಳ ಗಂಟಲಿನಿಂದ ಎದ್ದ ದನಿ ನಾನು ಅದುವರೆಗೆ ಕೇಳಿದ್ದಲ್ಲ. ಅಪ್ಪನ ಹೆಣ ಮನೆಗೆ ತಂದ ದಿನ ಕೂಡ ಅವಳು ಹೀಗೆ ಅತ್ತಿರಲಿಲ್ಲ. ನೆಲ ಬಡಿದುಕೊಂಡು, ಅವನ ಹೆಸರು ಹಿಡಿದು, ಅವನ ಕೈಗಳನ್ನು ಹಾಡಿ ಹಾಡಿ ಅಳುತ್ತಿದ್ದಳು. ನಾನು ತಬ್ಬಿಕೊಂಡರೂ ನಿಲ್ಲಲಿಲ್ಲ.

ಓಣಿಯವರು ಕೆಲಸ ಬಿಟ್ಟು ಓಡಿ ಬಂದರು. ಪಕ್ಕದ ಮನೆಯ ಶಹನಾಜ್ ಎಲ್ಲರಿಗಿಂತ ಮೊದಲು ಒಳಗೆ ಬಂದವಳು, ನನ್ನ ಭುಜ ಹಿಡಿದು ಅಲುಗಾಡಿಸಿದಳು. "ಏನಾತಕ್ಕಾ? ಯಾರು ತೀರಿಕೊಂಡ್ರು?"

"ನಮ್ಮಪ್ಪ," ಎಂದೆ.